ಫ್ರಾನ್ಸಿನಲ್ಲಿ ಅಡುಗೆಮನೆ ಕಪಾಟು ಮತ್ತು ಬಾಗಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿಗೆ ಬಂದು ಮನೆ ಹಿಡಿದ ಕನ್ನಡದವರು ನನ್ನನ್ನು ಹೆಚ್ಚಾಗಿ ಕೇಳುವುದು ಅಡುಗೆಮನೆ ಕಪಾಟಿನ ವಿಷಯ. ನಾನಿರುವುದು ತುಲೂಸ್ ಕಡೆ. ಎರಡು ಬಾಡಿಗೆ ಮನೆ, ಒಂದು ಸ್ವಂತದ್ದು, ಮೂರಕ್ಕೂ ಅಡುಗೆಮನೆ ಕೂರಿಸಿಕೊಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಹಾಕಬೇಕಾದದ್ದು ಕಪಾಟಿನ ಪೆಟ್ಟಿಗೆಗೆ, ಅದರ ಅಂಚಿಗೆ, ಬಿಜಾಗರಿಗೆ, ಡ್ರಾಯರಿನ ಹಳಿಗೆ. ಬಾಗಿಲು ಸೀರೆ ಇದ್ದ ಹಾಗೆ, ಬೇಕಾದಾಗ ಬದಲಿಸಬಹುದು.

ಅಂಗಡಿಗೆ ಹೋಗುವ ಮುಂಚೆ ಕೆಲವು ಪದ ಕಲಿತಿರಿ. ಪೆಟ್ಟಿಗೆಗೆ ಕೆಸೋಂ, ಬಾಗಿಲಿಗೆ ಫಸಾದ್, ಅಂಚಿನ ಪಟ್ಟಿಗೆ ಶಾಂ, ಬಿಜಾಗರಿಗೆ ಶಾರ್ನಿಯೇರ್, ಕಟ್ಟೆಯ ಹಲಗೆಗೆ ಪ್ಲಾಂ ದ ತ್ರವಾಯ್, ಕೆಳಗೆ ಕಾಲು ಮುಚ್ಚುವ ಪಟ್ಟಿಗೆ ಪ್ಲಾಂತ್ ಅನ್ನುತ್ತಾರೆ.

ಬಾಡಿಗೆ ಮನೆಯಲ್ಲಿ ಒಂದು ಸಿಂಕು ಬಿಟ್ಟರೆ ಏನೂ ಇಲ್ಲ. ಹೀಗೆ ಕೊಡಬಹುದೇ?

ಕೊಡಬಹುದು. ಪೀಠೋಪಕರಣ ಇಲ್ಲದ ಮನೆಯಾದರೆ, 2002ರ ಜನವರಿ 30ರ ಆದೇಶದ ಪ್ರಕಾರ ಒಲೆ ಇಡಲು ಅನುಕೂಲ ಇರಬೇಕು, ಬಿಸಿನೀರು ತಣ್ಣೀರು ಬರುವ ಸಿಂಕು ಇರಬೇಕು. ಕಪಾಟಿನ ಮಾತೇ ಅಲ್ಲಿಲ್ಲ. ಪೀಠೋಪಕರಣ ಸಮೇತ ಕೊಡುವ ಮನೆಗೆ 2015ರಲ್ಲಿ ಬಂದ ಪಟ್ಟಿ ಬೇರೆಯೇ ಇದೆ. ಅದರಲ್ಲಿ ಒಲೆ, ಓವನ್ ಇಲ್ಲವೇ ಮೈಕ್ರೋವೇವ್, ಫ್ರಿಜ್, ಪಾತ್ರೆ, ಸಾಮಾನು ಇಡಲು ಶೆಲ್ಫು ಎಲ್ಲ ಬರುತ್ತವೆ.

ಬಾಡಿಗೆ ಮನೆಗೆ ನೀವೇ ಕಪಾಟು ಕೂರಿಸುವುದಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. 1989ರ ಬಾಡಿಗೆ ಕಾನೂನಿನ ಪ್ರಕಾರ, ಒಪ್ಪಿಗೆ ಇಲ್ಲದೆ ಮನೆಯ ರೂಪ ಬದಲಿಸಿದರೆ ಬಿಡುವಾಗ ಮಾಲೀಕರು ಮೊದಲಿನಂತೆ ಮಾಡಿಕೊಡಿ ಅಂತಲೂ ಹೇಳಬಹುದು, ಪರಿಹಾರ ಕೊಡದೆ ಹಾಗೇ ಇಟ್ಟುಕೊಳ್ಳಲೂಬಹುದು. ನಾನು ಬಾಡಿಗೆ ಮನೆಯಲ್ಲಿ ಗೋಡೆಗೆ ಏನೂ ಹೊಡೆಯಲಿಲ್ಲ. ಕಾಲಿನ ಮೇಲೆ ನಿಲ್ಲುವ ಕೆಳಗಿನ ಕಪಾಟು ಮೂರು ಕೊಂಡು, ಮನೆ ಬಿಡುವಾಗ ಜೊತೆಗೇ ಒಯ್ದೆ. ಅವು ಈಗಲೂ ನಮ್ಮ ಗ್ಯಾರೇಜಿನಲ್ಲಿ ಅಕ್ಕಿ, ಬೇಳೆ ಹೊತ್ತುಕೊಂಡಿವೆ.

ಊರಲ್ಲಿ ಮರೈನ್ ಪ್ಲೈವುಡ್ ಬಿಟ್ಟು ಬೇರೆ ಹಾಕಿಸುವುದಿಲ್ಲ. ಇಲ್ಲಿ ಎಲ್ಲವೂ ಮರದ ಚೂರು ಒತ್ತಿದ ಹಲಗೆ. ಇದು ಬಾಳುತ್ತದೆಯೇ?

ಎಲ್ಲರಿಗೂ ಇದೇ ಭಯ, ಅದಕ್ಕೆ ಕಾರಣವೂ ಇದೆ. ಬೆಂಗಳೂರಲ್ಲಿ ಬಡಗಿ ಮನೆಗೇ ಬಂದು ಐಎಸ್ 710 ಗುರುತಿನ ಪ್ಲೈ ಕತ್ತರಿಸಿ, ಸನ್‌ಮೈಕಾ ಅಂಟಿಸಿ ಕೊಡುತ್ತಾನೆ. ಇಲ್ಲಿ ಅಗ್ಗದ ಅಂಗಡಿಯಿಂದ ಹಿಡಿದು ದುಬಾರಿ ಷೋರೂಮಿನವರೆಗೆ ಹೆಚ್ಚಿನ ಪೆಟ್ಟಿಗೆಗಳು ಅಗ್ಲೊಮೆರೆ, ಅಂದರೆ ಪಾರ್ಟಿಕಲ್ ಬೋರ್ಡು, ಮೇಲೆ ಮೆಲಮೈನ್ ಎಂಬ ರಾಳ ಹಚ್ಚಿದ ತೆಳು ಕಾಗದದ ಹೊದಿಕೆ. ನೀರು ಒಳಗೆ ಹೋಗದಿದ್ದರೆ ಇಪ್ಪತ್ತು ವರ್ಷ ಬಾಳುತ್ತದೆ. ಒಳಗೆ ಹೋದರೆ ನೆನೆದ ಬಿಸ್ಕತ್ತಿನಂತೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಹಾಗಾಗಿ ನೀರು ಎಲ್ಲಿಂದ ನುಗ್ಗುತ್ತದೆ ಅನ್ನುವುದನ್ನೇ ನೋಡಬೇಕು.

ಮೊದಲ ಜಾಗ, ಅಂಚು. ಷೋರೂಮಿನಲ್ಲಿ ಕಪಾಟಿನ ಮುಂದೆ ಮಂಡಿಯೂರಿ ಕೂತು ತಳದ ಹಲಗೆಯ ಕೆಳಭಾಗಕ್ಕೆ ಬೆರಳಾಡಿಸಿ. ಎದುರಿಗೆ ಕಾಣುವ ಅಂಚಿಗೆ ಮಾತ್ರ ಪಟ್ಟಿ ಹಾಕಿ ಹಿಂದಿನದನ್ನೂ ಕೆಳಗಿನದನ್ನೂ ಹಸಿಯಾಗಿ, ಅಂದರೆ ಏನೂ ಹೊದಿಸದೆ, ಬಿಟ್ಟಿರುತ್ತಾರೆ. ಉಗುರಿಗೆ ಮರದ ಪುಡಿ ಸಿಕ್ಕಿತೋ, ಆ ಕಪಾಟನ್ನು ಸಿಂಕಿನ ಕೆಳಗೆ ಇಡಬೇಡಿ. ಪಟ್ಟಿ ಎಬಿಎಸ್ ಪ್ಲಾಸ್ಟಿಕ್‌ನದ್ದಾಗಿದ್ದು 1 ಮಿಲಿಮೀಟರ್ ಆದರೂ ದಪ್ಪ ಇರಲಿ. ಕಾಗದದಷ್ಟು ತೆಳ್ಳಗಿನದು ಮೂಲೆಯಲ್ಲಿ ಬೇಗ ಏಳುತ್ತದೆ. ಅಂಟು ಪಿಯುಆರ್, ಅಂದರೆ ಪಾಲಿಯುರೆಥೇನ್, ಜಾತಿಯದ್ದಾದರೆ ಶಾಖಕ್ಕೂ ಹಬೆಗೂ ಹೆಚ್ಚು ತಡೆಯುತ್ತದೆ. ಕೇಳಿ ನೋಡಿ. ಉತ್ತರ ಹೇಳಬಲ್ಲ ಮಾರಾಟಗಾರರು ಸಿಕ್ಕರೆ ಅವರ ಜೊತೆ ಮಾತು ಮುಂದುವರಿಸಿ.

ಎರಡನೆಯದು, ಸಿಂಕಿನ ಕಪಾಟು. ನನ್ನ ಮೊದಲ ಮನೆಯಲ್ಲಿ ಸಿಂಕಿನ ಕೆಳಗಿನ ಪೈಪ್ ಜೋಡಣೆಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ನನಗೆ ಗೊತ್ತಾದದ್ದು ಬಾಗಿಲು ಮುಚ್ಚದೆ ಹೋದಾಗ. ಡಬ್ಬಿಗಳನ್ನೆಲ್ಲ ತೆಗೆದು ನೋಡಿದರೆ ತಳದ ಹಲಗೆ ಎರಡು ಬೆರಳು ಎತ್ತರಕ್ಕೆ ಎದ್ದಿತ್ತು, ಬಿಳಿ ಹೊದಿಕೆ ಒಡೆದು ಒಳಗಿನ ಚೂರು ಒದ್ದೆ ಅವಲಕ್ಕಿಯ ಹಾಗೆ ಕೈಗೆ ಬಂತು. ಅಂದಿನಿಂದ ಸಿಂಕಿನ ಕಪಾಟಿಗೆ ಇದ್ರೊಫ್ಯೂಜ್ ಅಂತ ಬರೆದ, ತೇವ ತಡೆಯುವ ಹಲಗೆಯನ್ನೇ ಕೇಳುತ್ತೇನೆ. ಅದಕ್ಕೆ ಪಿ3 ಇಲ್ಲವೇ ಸಿಟಿಬಿ-ಎಚ್ ಎಂಬ ಗುರುತು ಇರುತ್ತದೆ, ಎಷ್ಟೋ ಸಲ ಹಲಗೆಯ ಒಳಬಣ್ಣ ಹಸಿರಾಗಿರುತ್ತದೆ. ಜೊತೆಗೆ ತಳಕ್ಕೆ ಅಂಚು ಎತ್ತಿದ ಪ್ಲಾಸ್ಟಿಕ್ ಇಲ್ಲವೇ ಅಲ್ಯುಮಿನಿಯಂ ತಟ್ಟೆ ಹಾಸಿ. ಖರ್ಚು ಅಲ್ಪ, ಸೋರಿದ್ದು ಕಣ್ಣಿಗೂ ಬೀಳುತ್ತದೆ.

ಮೂರನೆಯದು, ಕಟ್ಟೆಯ ಹಲಗೆಯಲ್ಲಿ ಸಿಂಕಿಗಾಗಿ ಕೊರೆದ ಕಿಂಡಿ. ಗರಗಸ ಆಡಿದ ಆ ಅಂಚು ಪೂರ್ತಿ ಹಸಿ. ಸಿಂಕು ಇಳಿಸುವ ಮುಂಚೆ ಸುತ್ತಲೂ ಸಿಲಿಕೋನ್ ಇಲ್ಲವೇ ವಾರ್ನಿಷ್ ಬಳಿದಿದ್ದಾರಾ ಎಂದು ಪಕ್ಕದಲ್ಲೇ ನಿಂತು ನೋಡಿ. ಪಾತ್ರೆ ತೊಳೆಯುವ ಮೆಷಿನ್ ಜೊತೆ ಹೆಚ್ಚಾಗಿ ಒಂದು ಅಂಟುಪಟ್ಟಿ ಬರುತ್ತದೆ. ಬಾಗಿಲು ತೆರೆದಾಗ ಏಳುವ ಹಬೆ ತಾಗದಿರಲಿ ಅಂತ ಕಟ್ಟೆ ಹಲಗೆಯ ಅಡಿಗೆ ಅಂಟಿಸುವುದಕ್ಕೆ ಅದು. ಕೂರಿಸುವವರು ಅದನ್ನು ಪ್ಯಾಕಿಂಗ್ ಜೊತೆ ಎಸೆದುಬಿಡುತ್ತಾರೆ.

ಇನ್ನೊಂದು ನಮ್ಮವರಿಗೇ ಹೇಳಬೇಕಾದ ಮಾತು. ಇಲ್ಲಿನ ಅಡುಗೆಮನೆಯ ನೆಲಕ್ಕೆ ನೀರು ಹೋಗುವ ತೂತು ಇರುವುದಿಲ್ಲ. ಬಕೆಟ್ ನೀರು ಹೊಯ್ದು ನೆಲ ತೊಳೆದರೆ ಮೊದಲು ಉಬ್ಬುವುದು ಪ್ಲಾಂತ್. ಒರೆಸುವ ಬಟ್ಟೆ ಹಿಂಡಿ ಒರೆಸಿ, ಪ್ಲಾಂತ್ ಅನ್ನು ಪಿವಿಸಿ ಇಲ್ಲವೇ ಅಲ್ಯುಮಿನಿಯಂನದ್ದೇ ತನ್ನಿ.

ಬಾಗಿಲಿಗೆ ಯಾವುದು ಒಳ್ಳೆಯದು: ಮೆಲಮೈನ್, ಲ್ಯಾಮಿನೇಟ್, ಪಿವಿಸಿ ಹೊದಿಕೆ, ಬಣ್ಣ ಹೊಡೆದದ್ದು, ಮರ?

ದುಡ್ಡು ಕಡಿಮೆ ಇದ್ದರೆ ಮೆಲಮೈನ್ ಬಾಗಿಲು, ಅದೂ ದಪ್ಪ ಅಂಚುಪಟ್ಟಿ ಇರುವುದು. ಸಪಾಟಾಗಿರುತ್ತದೆ, ಅಲಂಕಾರ ಇಲ್ಲ, ಒರೆಸುವುದು ಸುಲಭ. ಕೈ ಸ್ವಲ್ಪ ಸಡಿಲ ಮಾಡಬಹುದಾದರೆ ಸ್ತ್ರಾತಿಫಿಯೆ, ಅಂದರೆ ನಮ್ಮ ಸನ್‌ಮೈಕಾ ಜಾತಿಯ ಲ್ಯಾಮಿನೇಟ್. ಗೀರು, ಶಾಖ, ಕಲೆ ಮೂರನ್ನೂ ಇದರಷ್ಟು ತಡೆದುಕೊಳ್ಳುವ ಬಾಗಿಲು ಈ ಬೆಲೆಗೆ ಸಿಗುವುದಿಲ್ಲ. ನನ್ನ ಆಯ್ಕೆ ಇದೇ.

ಪಿವಿಸಿ ಹಾಳೆಯನ್ನು ಬಿಸಿ ಮಾಡಿ ಎಂಡಿಎಫ್ ಎಂಬ ಮರದ ನಾರಿನ ಹಲಗೆಯ ಮೇಲೆ ಎಳೆದು ಕೂರಿಸಿದ ಬಾಗಿಲಿಗೆ ಪೊಲಿಮೇರ್ ಇಲ್ಲವೇ ತೆರ್ಮೊಫೊರ್ಮೆ ಅನ್ನುತ್ತಾರೆ. ಹಳ್ಳಿಮನೆ ಶೈಲಿಯ ಚೌಕಟ್ಟಿನ ಬಾಗಿಲು ಅಗ್ಗಕ್ಕೆ ಸಿಕ್ಕಿತು ಅಂದರೆ ಹೆಚ್ಚಾಗಿ ಇದೇ. ಮುಂಭಾಗಕ್ಕೂ ಬದಿಗೂ ಒಂದೇ ಹಾಳೆ ಆದ್ದರಿಂದ ನೀರಿಗೆ ಚೆನ್ನಾಗಿಯೇ ತಡೆಯುತ್ತದೆ. ಶಾಖಕ್ಕೆ ಮಾತ್ರ ಆಗಿಬರುವುದಿಲ್ಲ. ಓವನ್ ಪಕ್ಕ, ಕುಕ್ಕರ್ ಹಬೆ ನೇರವಾಗಿ ಬಡಿಯುವ ಮೇಲಿನ ಕಪಾಟು, ಈ ಎರಡು ಕಡೆ ಹಾಳೆ ಅಂಚಿನಿಂದ ಸುರುಳಿ ಏಳುತ್ತದೆ. ಒಮ್ಮೆ ಎದ್ದರೆ ಮತ್ತೆ ಅಂಟಿಸಲು ಮನೆಯಲ್ಲಿ ಆಗುವ ಕೆಲಸವಲ್ಲ. ಇಡ್ಲಿ ಪಾತ್ರೆ ವಾರಕ್ಕೆರಡು ಸಲ ಏರುವ ಮನೆಗೆ ನಾನಂತೂ ಬೇಡ ಅನ್ನುತ್ತೇನೆ.

ಲಾಕೆ, ಅಂದರೆ ಬಣ್ಣ ಹೊಡೆದು ಹೊಳಪು ಕೊಟ್ಟದ್ದು, ಕಣ್ಣಿಗೆ ಚೆಂದ. ಪಾತ್ರೆಯ ಹಿಡಿ ತಾಗಿ ಮೂಲೆ ಚಕ್ಕೆ ಎದ್ದರೆ ಸರಿಮಾಡುವುದು ಕಷ್ಟ. ಕಪ್ಪು ಮ್ಯಾಟ್ ಬಣ್ಣಕ್ಕೆ ಎಣ್ಣೆ ಬೆರಳಿನ ಗುರುತು ಪ್ರತಿದಿನ ಒರೆಸಬೇಕು.

ಇನ್ನು ಮರ. ಗಟ್ಟಿ ಓಕ್ ಮರದ ಬಾಗಿಲು ಹೊಸದಾಗಿ ದುಬಾರಿ. ಆದರೆ 1970, 80ರ ದಶಕದ ಫ್ರೆಂಚ್ ಮನೆಗಳಲ್ಲಿ ಕೆತ್ತನೆ ಚೌಕಟ್ಟಿನ, ಕಂದುಬಣ್ಣದ ಓಕ್ ಅಡುಗೆಮನೆಗಳು ತುಂಬ ಇದ್ದವು, ಈಗ ಜನ ಅವನ್ನು ಹಳೇ ಫ್ಯಾಷನ್ ಎಂದು ಕಿತ್ತು ಮಾರುತ್ತಾರೆ. ಅಂಥ ಬಾಗಿಲು ಎತ್ತಿದರೆ ತೂಕದಲ್ಲೇ ಗೊತ್ತಾಗುತ್ತದೆ. ಉಜ್ಜುಕಾಗದ ಹಾಕಿ, ಬಣ್ಣ ಹೊಡೆದರೆ ಇನ್ನೂ ಒಂದು ತಲೆಮಾರು ನಡೆಯುತ್ತದೆ. ಓಕ್ ಮರದಲ್ಲಿ ಟ್ಯಾನಿನ್ ಇರುವುದರಿಂದ ಬಿಳಿ ಬಣ್ಣದ ಮೇಲೆ ಹಳದಿ ಕಲೆ ಮೂಡುತ್ತದೆ. ಅದನ್ನು ತಡೆಯುವ ಪ್ರೈಮರ್ ಮೊದಲು ಹಚ್ಚಲೇಬೇಕು.

ಒಗ್ಗರಣೆ ಹೊಗೆ, ಅರಿಶಿನದ ಕಲೆಗೆ ಏನು ಮಾಡುವುದು?

ಹೊಗೆಗೆ ದಾರಿ ಕೊಡದಿದ್ದರೆ ಎಂಥ ಬಾಗಿಲಾದರೂ ಎರಡು ವರ್ಷಕ್ಕೆ ಅಂಟಂಟಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇಡೀ ಕಟ್ಟಡಕ್ಕೆ ಒಂದೇ ಗಾಳಿ ಎಳೆಯುವ ವ್ಯವಸ್ಥೆ ಇದ್ದರೆ, ಮೋಟಾರ್ ಇರುವ ಚಿಮಣಿಯ ಕೊಳವೆಯನ್ನು ಅದಕ್ಕೆ ಜೋಡಿಸುವಂತಿಲ್ಲ. ನಿಮ್ಮ ಒಗ್ಗರಣೆ ಘಾಟು ಪಕ್ಕದ ಮನೆಗೆ ಹೋಗುತ್ತದೆ, ವ್ಯವಸ್ಥೆಯೂ ಕೆಡುತ್ತದೆ. ಅಂಥ ಕಡೆ ಇದ್ದಿಲು ಫಿಲ್ಟರಿನ ಚಿಮಣಿಯೇ ಗತಿ, ಫಿಲ್ಟರನ್ನು ಹೇಳಿದ ಸಮಯಕ್ಕೆ ಬದಲಿಸಿ. ಸ್ವಂತ ಮನೆಯಾಗಿದ್ದು ಹೊರಗೋಡೆ ಇದ್ದರೆ ಹೊಗೆಯನ್ನು ನೇರ ಹೊರಗೆ ಬಿಡುವ ಚಿಮಣಿಗೆ ದುಡ್ಡು ಹಾಕಿ. ನಮ್ಮ ಅಡುಗೆಗೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಜಿಡ್ಡಿಗೆ ಇಲ್ಲಿನ ಸಾವೋಂ ನ್ವಾರ್, ಅಂದರೆ ಕಪ್ಪು ಸಾಬೂನಿನ ದ್ರವ, ಬಿಸಿನೀರಲ್ಲಿ ಹಾಕಿ ಒರೆಸಿದರೆ ಸಾಕು. ಅರಿಶಿನ ಬಿದ್ದ ತಕ್ಷಣ ಒರೆಸಿ. ಉಳಿದ ಹಳದಿ ಬಿಸಿಲು ತಾಗುತ್ತಾ ತಾನಾಗಿ ಮಾಸುತ್ತದೆ. ಹೊಳಪಿನ ಬಾಗಿಲಿಗೆ ಉಜ್ಜುವ ಸ್ಪಂಜು ಹಾಕಬೇಡಿ.

ಬಿಜಾಗರಿ, ಡ್ರಾಯರುಗಳಲ್ಲಿ ಏನು ನೋಡಬೇಕು?

ಬಿಜಾಗರಿಯ ಮೇಲೆ ಅಚ್ಚೊತ್ತಿದ ಹೆಸರು ನೋಡಿ. ಬ್ಲುಮ್, ಹೆಟಿಶ್, ಗ್ರಾಸ್, ಸಾಲಿಚೆ, ಇವುಗಳಲ್ಲಿ ಒಂದಿದ್ದರೆ ನೆಮ್ಮದಿ. ಆಸ್ಟ್ರಿಯಾದ ಬ್ಲುಮ್ ತನ್ನ ಬಿಜಾಗರಿಗಳನ್ನು 2,00,000 ಸಲ ತೆರೆದು ಮುಚ್ಚಿ ಪರೀಕ್ಷಿಸುತ್ತದೆ. ಬಾಗಿಲಿನಲ್ಲಿ ಬಿಜಾಗರಿ ಕೂರುವ ಬಟ್ಟಲು ತೂತು ಸಾಮಾನ್ಯವಾಗಿ 35 ಮಿಲಿಮೀಟರ್, ಹಾಗಾಗಿ ಬಿಜಾಗರಿ ಹೋದರೂ ಹೊಸದನ್ನು ಹಾಕಿಕೊಳ್ಳಬಹುದು.

ಡ್ರಾಯರನ್ನು ಪೂರ್ತಿ ಎಳೆದು ಮುಂದಿನ ಅಂಚನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಜೋತುಬಿದ್ದರೆ ಬೇಡ. ಅದು ಹೊರುವ ತೂಕ ಎಷ್ಟು ಎಂದು ಕೇಳಿ. ಪ್ಯಾರಿಸಿನ ಲಾ ಶಾಪೆಲ್ ಅಂಗಡಿಗಳಿಂದ ತಂದ ಅಕ್ಕಿ ಮೂಟೆಯೋ ಊರಿಂದ ಹೊತ್ತು ತಂದ ವೆಟ್ ಗ್ರೈಂಡರೋ ಇಡುವವರಿಗೆ ಇದು ಮುಖ್ಯ. ಗ್ರೈಂಡರನ್ನು ನಾನು ಡ್ರಾಯರಿಗೆ ಹಾಕದೆ ಕೆಳಗಿನ ಕಪಾಟಿನ ತಳದಲ್ಲೇ ಇಡುತ್ತೇನೆ. ಅಲ್ಲಿ ಭಾರ ನೇರ ಕಾಲಿಗೆ ಇಳಿಯುತ್ತದೆ. ಪೆಟ್ಟಿಗೆಯ ಹಲಗೆ 16 ಮಿಲಿಮೀಟರ್‌ಗಿಂತ 18 ಅಥವಾ 19 ಇದ್ದರೆ ಸ್ಕ್ರೂ ಬಿಗಿಯಾಗಿ ಹಿಡಿಯುತ್ತದೆ. ಕೆಳಗಿನ ಕಪಾಟಿಗೆ ಬಾಗಿಲಿಗಿಂತ ಡ್ರಾಯರುಗಳೇ ಮೇಲು, ಬೆನ್ನು ಬಗ್ಗಿಸಿ ಹಿಂದಿನ ಡಬ್ಬಿ ತಡಕುವ ಕೆಲಸ ತಪ್ಪುತ್ತದೆ. ಬೆಲೆ ಹೆಚ್ಚು, ಆದ್ದರಿಂದ ಒಲೆಯ ಪಕ್ಕದ ಒಂದಕ್ಕೆ ಮಾತ್ರ ಹಾಕಿಸಿದರೂ ಆದೀತು.

ಎಲ್ಲಿ ಕೊಳ್ಳಬೇಕು?

ಕಟ್ಟಿಕೊಳ್ಳುವ ಕಪಾಟಿಗೆ ಐಕಿಯಾ, ಲೆರ್ವಾ ಮೆರ್ಲೆಂ, ಕಾಸ್ತೊರಾಮಾ, ಬ್ರಿಕೊ ದೆಪೊ ಇವೆ. ಬ್ಯೂತ್, ಕೊನ್ಫೊರಾಮಾ ಕೂಡ ಅಡುಗೆಮನೆ ಮಾರುತ್ತವೆ. ಅಳತೆ ತೆಗೆದು, ಕಾರ್ಖಾನೆಯಲ್ಲಿ ಜೋಡಿಸಿ ತಂದು ಕೂರಿಸುವವರಲ್ಲಿ ಅಲ್ಸಾಸಿನ ಶ್ಮಿಟ್, ಅದೇ ಗುಂಪಿನ ಕ್ವಿಸಿನೆಲಾ, ಒತ್-ಸಾವ್ವಾದ ಮೊಬಾಲ್ಪಾ ಪರಿಚಿತ ಹೆಸರುಗಳು. ಬಜೆಟ್ ಬಿಗಿ ಇದ್ದರೆ ಮೊದಲ ಗುಂಪೇ ಸಾಕು. ಗೋಡೆ ಡೊಂಕು, ಮೂಲೆ ಓರೆ ಇರುವ ಹಳೆಯ ಮನೆಯಾದರೆ ಎರಡನೆಯವರ ಅಳತೆಗೆ ಬೆಲೆ ಇದೆ. ಪೀಠೋಪಕರಣಕ್ಕೆ ಎಫ್‌ಸಿಬಿಎ ಸಂಸ್ಥೆ ಪರೀಕ್ಷಿಸಿ ಕೊಡುವ ಎನ್‌ಎಫ್ ಅಮೆಬ್ಲಮಾಂ ಗುರುತು ಕಂಡರೆ ಒಳ್ಳೆಯ ಲಕ್ಷಣ.

ಎಲ್ಲಿ ಕೊಂಡರೂ ಒಂದು ಪ್ರಶ್ನೆ ಕೇಳಿ: ಹತ್ತು ವರ್ಷದ ಮೇಲೆ ಒಂದು ಬಾಗಿಲು ಬೇಕೆಂದರೆ ಈ ಅಳತೆಯಲ್ಲಿ ಸಿಗುತ್ತದಾ?

ಪೆಟ್ಟಿಗೆ ಗಟ್ಟಿ ಇದೆ, ಬರೀ ಬಾಗಿಲು ಬದಲಿಸಬಹುದೇ?

ಖಂಡಿತ. ಅಗ್ಗದ ದಾರಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಪೆಟ್ಟಿಗೆ, ಕಟ್ಟೆ, ನಲ್ಲಿ, ಟೈಲ್ಸು ಯಾವುದನ್ನೂ ಮುಟ್ಟುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದರೆ ಒಂದು ದಿನದ ಕೆಲಸ. ಐಕಿಯಾದ ಮೆತೋಡ್ ಪೆಟ್ಟಿಗೆಗೆ ಹೊಂದುವ ಬಾಗಿಲನ್ನು ಬೇರೆ ಕಂಪನಿಗಳೂ ಮಾಡುತ್ತವೆ, ಪ್ಯಾರಿಸಿನ ಪ್ಲಮ್ ಅಂಥದ್ದೊಂದು. ಅಳತೆ ಕೊಟ್ಟರೆ ಕತ್ತರಿಸಿ, ಬಿಜಾಗರಿ ತೂತು ಕೊರೆದು ಕಳಿಸುವವರೂ ಇದ್ದಾರೆ.

ಎಚ್ಚರ ಬೇಕಾದದ್ದು ಅಳತೆಗೆ. 2013-14ರಲ್ಲಿ ಐಕಿಯಾ ಹಳೆಯ ಫಾಕ್ಟುಮ್ ನಿಲ್ಲಿಸಿ ಮೆತೋಡ್ ತಂದಾಗ ಬಾಗಿಲಿನ ಎತ್ತರವೇ ಬದಲಾಯಿತು. ಹಳೆಯ ಪೆಟ್ಟಿಗೆಗೆ ಹೊಸ ಬಾಗಿಲು ಕೂರುವುದಿಲ್ಲ. ನಿಮ್ಮ ಬಾಗಿಲು ಬಿಚ್ಚಿ ಎತ್ತರ, ಅಗಲ, ದಪ್ಪ, ಮೇಲಂಚಿನಿಂದ ತೂತಿನ ನಡುವಿನವರೆಗಿನ ದೂರ ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಎಡಕ್ಕೆ ತೆರೆಯುತ್ತದೋ ಬಲಕ್ಕೋ ಅದನ್ನೂ.

ಬಣ್ಣ ಹೊಡೆಯುವುದಾದರೆ ಮೊದಲು ಜಿಡ್ಡು ಪೂರ್ತಿ ತೆಗೆದು, ಉಜ್ಜಿ, ನಯವಾದ ಮೈಗೆ ಹಿಡಿಯುವ ಪ್ರೈಮರ್ ಹಾಕಿ. ಒಣಗಿದಂತೆ ಕಂಡರೂ ಗಟ್ಟಿಯಾಗಲು ವಾರಗಳು ಬೇಕು, ಅಲ್ಲಿಯವರೆಗೆ ಒದ್ದೆ ಬಟ್ಟೆ ತಾಗಿಸಬೇಡಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದೇ?

ಜನ ಹಳೆ ಸಾಮಾನು ಮಾರುವ ಲ ಬೋಂ ಕ್ವಾಂ ಜಾಲತಾಣ, ಎಮ್ಮಾವುಸ್ ಎಂಬ ಸೇವಾಸಂಸ್ಥೆಯ ಹಳೆ ಸಾಮಾನಿನ ಅಂಗಡಿಗಳು, ಷೋರೂಮಿನ ಪ್ರದರ್ಶನದ ಸೆಟ್ಟು, ಮೂರೂ ನೋಡಿ. ಎಲ್ಲಕ್ಕೂ ಮೊದಲು ಸಿಂಕಿನ ಕಪಾಟಿನ ತಳ ಮುಟ್ಟಿ. ಇನ್ನೂ ಗೋಡೆಗೇ ಇರುವಾಗ ಹೋಗಿ ನೋಡುವುದು ಒಳ್ಳೆಯದು, ಬಿಚ್ಚುವಾಗ ಪ್ರತಿ ತುಂಡಿಗೆ ನಂಬರು ಬರೆದ ಟೇಪು ಅಂಟಿಸಿ. ಅಂಗಡಿಯಿಂದ ಕೊಂಡ ಹಳೆಯ ವಸ್ತುವಿಗೂ ಎರಡು ವರ್ಷದ ಕಾನೂನು ಗ್ಯಾರಂಟಿ ಇದೆ. ಖಾಸಗಿ ವ್ಯಕ್ತಿಗಳಿಂದ ಕೊಂಡರೆ ಅದಿಲ್ಲ, ಮುಚ್ಚಿಟ್ಟ ದೋಷದ ಮೇಲಿನ ಹಕ್ಕು ಮಾತ್ರ ಇದೆ.

ಅರ್ಧ ಬೆಲೆ, ಇವತ್ತೇ ಕೊನೆ ದಿನ ಅನ್ನುತ್ತಾರೆ. ಸಹಿ ಹಾಕಲೇ?

ಹಾಕಬೇಡಿ. ದೆವಿ, ಅಂದರೆ ಕೊಟೇಷನ್, ಕೈಯಲ್ಲಿ ಹಿಡಿದು ಮನೆಗೆ ಬನ್ನಿ. ಬೇರೆ ಎರಡು ಕಡೆ ಅದೇ ಅಳತೆಗೆ ಕೇಳಿ. 2022ರ ಮೇ 28ರಿಂದ, ರಿಯಾಯಿತಿ ತೋರಿಸುವವರು ಹಿಂದಿನ 30 ದಿನದಲ್ಲಿ ತಾವೇ ಇಟ್ಟ ಅತಿ ಕಡಿಮೆ ಬೆಲೆಯನ್ನು ಆಧಾರವಾಗಿ ತೋರಿಸಬೇಕು. ಆದರೆ ನಿಮ್ಮ ಅಳತೆಗೆಂದೇ ಮಾಡುವ ಅಡುಗೆಮನೆಗೆ ಹಳೆಯ ಬೆಲೆ ಅನ್ನುವುದೇ ಇರುವುದಿಲ್ಲ, ಹಾಗಾಗಿ ಶೇಕಡಾ ಲೆಕ್ಕ ಬಿಟ್ಟು ಒಟ್ಟು ಮೊತ್ತ ಹೋಲಿಸಿ.

ವ್ಯಾಪಾರ ಮೇಳದಲ್ಲಿ ಕೊಂಡರೆ ವಾಪಸು ಪಡೆಯುವ 14 ದಿನದ ಹಕ್ಕು ಇಲ್ಲ. ಈ ಮಾತನ್ನು ಮಳಿಗೆಯವರು ಫಲಕ ಹಾಕಿ ತಿಳಿಸಲೇಬೇಕು. ಅಂಗಡಿಯೊಳಗೆ ಕೊಂಡರೂ ಆ ಹಕ್ಕು ಇಲ್ಲ. ಆನ್‌ಲೈನ್ ಖರೀದಿಗೆ ಇದೆ, ಆದರೆ ನಿಮ್ಮ ಅಳತೆಗೆ ಮಾಡಿಸಿದ್ದಕ್ಕೆ ಅನ್ವಯಿಸುವುದಿಲ್ಲ. ನಮ್ಮ ಪರಿಚಯದ ಒಂದು ಕುಟುಂಬ ಭಾನುವಾರ ಮೇಳ ಸುತ್ತಲು ಹೋಗಿ ಸಹಿ ಹಾಕಿ ಬಂದು, ಸೋಮವಾರ ಬೆಳಿಗ್ಗೆ ನನಗೆ ಫೋನ್ ಮಾಡಿ ಅತ್ತರು. ಆ ದುಡ್ಡು ಅವರು ಮಗಳ ಓದಿಗೆ ಇಟ್ಟಿದ್ದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಂಗಡದ ಹೆಸರನ್ನೂ ಓದಿ. ಆರ್ ಅಂತ ಬರೆದಿದ್ದರೆ ಆ ದುಡ್ಡು ಬಿಟ್ಟು ಒಪ್ಪಂದದಿಂದ ಹೊರಬರಬಹುದು. ಮಾರುವವರೇ ಹಿಂದೆ ಸರಿದರೆ ಎರಡರಷ್ಟು ಕೊಡಬೇಕು. ಅಕೋಂತ್ ಅಂತ ಇದ್ದರೆ ಎರಡೂ ಕಡೆಗೆ ಕಟ್ಟು. ಕಾಗದದಲ್ಲಿ ಏನೂ ಬರೆಯದಿದ್ದರೆ ಕಾನೂನು ಅದನ್ನು ಆರ್ ಎಂದೇ ತಿಳಿಯುತ್ತದೆ.

25 ವರ್ಷದ ಗ್ಯಾರಂಟಿ ಅಂದರೆ ಏನು?

ಐಕಿಯಾ ಮೆತೋಡ್‌ಗೆ 25 ವರ್ಷ ಕೊಡುತ್ತದೆ. ಅದೇ ಅಂಗಡಿಯ ಎಲ್ಲ ಸರಣಿಗೂ ಇಷ್ಟು ಇಲ್ಲ. ಯಾರದ್ದೇ ಆಗಲಿ, ಪೆಟ್ಟಿಗೆಗಾ, ಬಾಗಿಲಿಗಾ, ಬಿಜಾಗರಿಗಾ ಎಂದು ಸಾಲು ಸಾಲು ಓದಿ. ನೀರು ನಿಂತು ಹಾಳಾದದ್ದು, ತಪ್ಪಾಗಿ ಕೂರಿಸಿದ್ದು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಬಿಲ್ಲಿನ ಫೋಟೋ ತೆಗೆದಿಡಿ, ರಸೀದಿಯ ಮಸಿ ಹಾರಿಹೋಗುತ್ತದೆ. ಕಂಪನಿಯ ಗ್ಯಾರಂಟಿ ಏನೇ ಇರಲಿ, ಹೊಸ ವಸ್ತುವಿಗೆ ಎರಡು ವರ್ಷದ ಕಾನೂನು ಗ್ಯಾರಂಟಿ ಹೇಗೂ ಇದೆ. ದೂರಿಗೆ ಕಿವಿಗೊಡದಿದ್ದರೆ ಸರ್ಕಾರದ ಸಿಗ್ನಾಲ್‌ಕೊನ್ಸೊ ತಾಣದಲ್ಲಿ ಬರೆಯಿರಿ. ಗ್ರಾಹಕ ಮಧ್ಯಸ್ಥರ ವಿಳಾಸವನ್ನೂ ಅಂಗಡಿಯವರು ಕೊಡಬೇಕು.

ನಾವೇ ಕೂರಿಸಬಹುದೇ?

ಕೆಳಗಿನ ಕಪಾಟು ಧಾರಾಳವಾಗಿ. ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿದರೆ ಆಯಿತು. ಮೇಲಿನದಕ್ಕೆ ಗೋಡೆ ತಟ್ಟಿ ನೋಡಿ. ಡಬ್ಬ್ ಎಂದು ಟೊಳ್ಳು ಸದ್ದು ಬಂದರೆ ಅದು ಪ್ಲಾಕೊ, 13 ಮಿಲಿಮೀಟರಿನ ಜಿಪ್ಸಂ ಹಲಗೆ. ಅದಕ್ಕೆ ಹಿಂದೆ ಛತ್ರಿಯಂತೆ ಅರಳುವ ಲೋಹದ ಪ್ಲಗ್ಗೇ ಬೇಕು, ಭಾರ ಹಂಚುವ ಉದ್ದ ಹಳಿಯೂ ಬೇಕು. ಉಪ್ಪಿನಕಾಯಿ ಭರಣಿ, ಸ್ಟೀಲ್ ಡಬ್ಬಗಳನ್ನು ಪ್ಲಾಕೊ ಗೋಡೆಯ ಮೇಲಿನ ಕಪಾಟಿಗೆ ತುಂಬಬೇಡಿ. ಗ್ಯಾಸ್ ಮತ್ತು ಒಲೆಯ 32 ಆಂಪ್ ವಿದ್ಯುತ್ ಸಂಪರ್ಕ ಮಾತ್ರ ಗೊತ್ತಿದ್ದವರಿಗೇ ಬಿಡಿ. ಎರಡು ವರ್ಷಕ್ಕಿಂತ ಹಳೆಯ ಮನೆಯಾಗಿದ್ದು ವೃತ್ತಿಯವರಿಂದ ಕೂರಿಸಿದರೆ ಆ ಕೆಲಸದ ಮೇಲಿನ ತೆರಿಗೆ 20ರ ಬದಲು ಶೇಕಡಾ 10 ಆಗುತ್ತದೆ. ಓವನ್, ಫ್ರಿಜ್ ಅಂಥವಕ್ಕೆ 20ರಷ್ಟೇ.

ಹೊಸ ಕಪಾಟಿನ ವಾಸನೆ ಮಗುವಿಗೆ ತೊಂದರೆಯೇ?

ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಬರುತ್ತದೆ, ಹಗುರವಾಗಿ ತೆಗೆದುಕೊಳ್ಳುವ ವಿಷಯ ಅಲ್ಲ. ಅದನ್ನು ಕಡಿಮೆ ಬಿಡುವ ಇ1 ದರ್ಜೆಯ ಹಲಗೆಯನ್ನೇ ಕೊಳ್ಳಿ. ಯುರೋಪಿನ ಹೊಸ ನಿಯಮ ಮರದ ಪೀಠೋಪಕರಣಕ್ಕೆ ಪ್ರತಿ ಘನ ಮೀಟರ್ ಗಾಳಿಗೆ 0.062 ಮಿಲಿಗ್ರಾಂ ಮಿತಿ ಹಾಕಿದೆ, ಅದರ ಜಾರಿ ದಿನಾಂಕ 2026ರ ಆಗಸ್ಟ್ 6. ಕೂರಿಸಿದ ಮೊದಲ ವಾರಗಳಲ್ಲಿ ಬಾಗಿಲು, ಡ್ರಾಯರುಗಳನ್ನು ತೆರೆದಿಟ್ಟು ಕಿಟಕಿಯೂ ತೆರೆಯಿರಿ. ಹಸಿ ಅಂಚುಗಳಿಗೆ ಪಟ್ಟಿ ಹಚ್ಚಿದರೆ ಅದೂ ಕಡಿಮೆಯಾಗುತ್ತದೆ.

ಹಳೆಯ ಕಪಾಟು ಏನು ಮಾಡುವುದು?

ಬೀದಿಯಲ್ಲಿ ಇಡಬೇಡಿ, ದಂಡ ಬೀಳುತ್ತದೆ. ನೀವು ಕಪಾಟು ಕೊಂಡಾಗ ಬಿಲ್ಲಿನಲ್ಲಿ ಎಕೊ-ಪಾರ್ತಿಸಿಪಾಸಿಯೋಂ ಅಂತ ಸಣ್ಣ ಮೊತ್ತ ಇರುತ್ತದೆ, ಅದು ಈ ವಿಲೇವಾರಿಗೇ ಕಟ್ಟಿದ್ದು. ಊರಿನ ದೆಶೆತ್ರಿಗೆ, ಅಂದರೆ ಬೇಡದ ಸಾಮಾನು ಹಾಕುವ ಕೇಂದ್ರಕ್ಕೆ, ಒಯ್ದರೆ ಪೀಠೋಪಕರಣದ ಬೇರೆ ತೊಟ್ಟಿ ಇರುತ್ತದೆ. ಹಾಗೆ ಒಯ್ಯುವ ಮುಂಚೆ ಬಿಜಾಗರಿ, ಹಿಡಿ, ತಿರುಗುವ ಕಾಲು, ಶೆಲ್ಫಿನ ಗೂಟ ಎಲ್ಲ ಬಿಚ್ಚಿ ಒಂದು ಡಬ್ಬಿಗೆ ಹಾಕಿಡಿ. ನನ್ನ ಡಬ್ಬಿಯಿಂದ ಈವರೆಗೆ ನಾಲ್ಕು ಮನೆಯ ಬಾಗಿಲು ರಿಪೇರಿಯಾಗಿವೆ.